ಫೋನಿನಲ್ಲಿ ಆಡುವ ಮಾತನ್ನು ಕಾಗದದ ಮೇಲೆ ಬರೆದು ಕೊಡಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ಅಂಗಡಿ, ಏಜೆನ್ಸಿ, ಕಾರ್ಖಾನೆ, ಆಸ್ಪತ್ರೆ, ಶಾಲೆ ನಡೆಸುತ್ತಿರುವ ಮಾಲೀಕರಿಗೆ ಮತ್ತು ವ್ಯವಸ್ಥಾಪಕರಿಗೆ. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯ ಪದಾಧಿಕಾರಿಗಳಿಗೆ. ಕಾರ್ಮಿಕ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ವಿದ್ಯಾನಗರದ ಒಂದು ಮಹಡಿ ಕೋಣೆಯಲ್ಲಿ ನಾನು ಲೆಕ್ಕಪತ್ರ ಕಲಿಸುತ್ತೇನೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್, ಪಗಾರ ಪಟ್ಟಿ, ಪಿಎಫ್ ಚಲನ್, ಇಷ್ಟು ಬಂದರೆ ಒಂದು ಸಣ್ಣ ಆಫೀಸಿನ ಕೆಲಸ ನಡೆಯುತ್ತದೆ. ನನ್ನ ಹತ್ತಿರ ಕಲಿತ ಹುಡುಗ ಹುಡುಗಿಯರು ಕೊಪ್ಪೀಕರ ರಸ್ತೆಯ ಅಂಗಡಿಗಳಲ್ಲಿ, ಗೋಕುಲ ರಸ್ತೆ ಮತ್ತು ತಾರಿಹಾಳದ ಕಾರ್ಖಾನೆಗಳಲ್ಲಿ, ಅಮರಗೋಳದ ಎಪಿಎಂಸಿಯ ದಲಾಲಿ ಅಂಗಡಿಗಳಲ್ಲಿ, ನರ್ಸಿಂಗ್ ಹೋಮುಗಳ ಬಿಲ್ಲಿಂಗ್ ಕೌಂಟರುಗಳಲ್ಲಿ ಕೂತಿದ್ದಾರೆ. ನಿಮ್ಮಲ್ಲಿ ಹಲವರು "ಒಬ್ಬರು ಛಲೋ ಅಕೌಂಟ್ಸ್ ಬಲ್ಲವರನ್ನ ಕಳಸ್ರಿ ಮೇಡಂ" ಎಂದು ನನಗೆ ಫೋನ್ ಹಚ್ಚುತ್ತೀರಿ. ಆ ನಂಬಿಕೆ ಇದೆ ಎಂದೇ ಈ ಮಾತನ್ನು ನಿಮ್ಮ ಮುಂದೆ ನೇರವಾಗಿ ಇಡುತ್ತಿದ್ದೇನೆ.

ನನ್ನ ಬೇಡಿಕೆ ಒಂದೇ. ನಿಮ್ಮಲ್ಲಿ ದುಡಿದು ಬಿಟ್ಟವರ ಬಗ್ಗೆ ಇನ್ನೊಬ್ಬ ಮಾಲೀಕರು ವಿಚಾರಿಸಿದಾಗ, ಹೇಳುವುದು ಏನೇ ಇರಲಿ, ಅದನ್ನು ಬರೆದು, ಸಹಿ ಹಾಕಿ, ಬಿಟ್ಟು ಹೋದವರ ಕೈಗೂ ಒಂದು ಪ್ರತಿ ಕೊಡಿ. ಬರೆದು ಸಹಿ ಹಾಕಲು ಕೈ ಹಿಂಜರಿಯುವ ಮಾತನ್ನು ಫೋನಿನಲ್ಲಿಯೂ ಆಡಬೇಡಿ.

ಯಾಕೆ ಇಷ್ಟು ಒತ್ತಿ ಕೇಳುತ್ತಿದ್ದೇನೆ ಎಂದರೆ, ಈ ಫೋನಿನ ಮಾತಿಗೆ ಸಿಕ್ಕು ನಿಂತುಹೋದ ಮಕ್ಕಳು ನನ್ನ ಕಣ್ಣ ಮುಂದೆ ಇದ್ದಾರೆ. ಎಲ್ಲರ ಕಥೆಯೂ ಒಂದೇ ಜಾಗದಲ್ಲಿ ತುಂಡಾಗುತ್ತದೆ. ಅರ್ಜಿ ಹಾಕಿದರು, ಕರೆ ಬಂತು, ಟ್ಯಾಲಿಯಲ್ಲಿ ನಾಲ್ಕು ಎಂಟ್ರಿ ಮಾಡಿ ತೋರಿಸಿದರು, ಮಾಲೀಕರಿಗೆ ಮೆಚ್ಚಿಗೆಯಾಯಿತು, ಪಗಾರದ ಮಾತೂ ಮುಗಿಯಿತು. ಏಳುವ ಹೊತ್ತಿಗೆ "ಮೊದಲ ಎಲ್ಲಿ ಇದ್ದಿ? ಅಲ್ಲಿ ಸಾವ್ಕಾರ್ರ ನಂಬರ್ ಕೊಟ್ಟು ಹೋಗು" ಎಂಬ ಮಾತು ಬರುತ್ತದೆ. ನಂಬರ್ ಕೊಟ್ಟು ಬರುತ್ತಾರೆ. ಆಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲ. ಇವರಾಗಿ ಫೋನ್ ಮಾಡಿದರೆ "ಬ್ಯಾರೆಯವರನ್ನ ತೊಗೊಂಡೇವಿ" ಎನ್ನುತ್ತಾರೆ, ಇಲ್ಲವೇ ಫೋನೇ ಎತ್ತುವುದಿಲ್ಲ.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಹೆಸರು, ಊರು ಬೇಡ. ಒಂದು ಖಾಸಗಿ ಆಸ್ಪತ್ರೆಯ ಲೆಕ್ಕದ ವಿಭಾಗದಲ್ಲಿ ಕೆಲಸಕ್ಕಿದ್ದಳು. ಔಷಧಿ ಖರೀದಿಯ ಪುಸ್ತಕವನ್ನು ಜಿಎಸ್‌ಟಿಆರ್-2ಬಿ, ಅಂದರೆ ಸಪ್ಲೈಯರುಗಳ ರಿಟರ್ನ್‌ಗಳಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ಪಟ್ಟಿಯ ಜೊತೆ ಸಾಲು ಸಾಲಾಗಿ ತಾಳೆ ನೋಡಿ, ಯಾವ ಸಪ್ಲೈಯರು ತಮ್ಮ ರಿಟರ್ನ್‌ನಲ್ಲಿ ಯಾವ ಬಿಲ್ ತೋರಿಸಿಲ್ಲ ಎಂದು ಪ್ರತಿ ತಿಂಗಳ 20ನೇ ತಾರೀಖಿನೊಳಗೆ ಹುಡುಕಿ ಇಡುತ್ತಿದ್ದಳು. ಈ ಕೆಲಸ ಬಲ್ಲವರಿಗೆ ಗೊತ್ತು, ಇದಕ್ಕೆ ಎಷ್ಟು ಸಹನೆ ಬೇಕು, ಮಾಲೀಕರ ಎಷ್ಟು ದುಡ್ಡು ಇದರಿಂದ ಉಳಿಯುತ್ತದೆ ಎಂದು. ತನ್ನ ಪಗಾರದಲ್ಲಿ ಪಿಎಫ್ ಎಂದು ಹಿಡಿದ ಹಣ ಪಾಸ್‌ಬುಕ್ಕಿಗೆ ಬಂದಿಲ್ಲ ಎಂಬುದು ಅವಳ ಗಮನಕ್ಕೆ ಬಂತು. ಕೇಳಿದಳು. ಮತ್ತೊಮ್ಮೆ ಕೇಳಿದಳು. ವಾತಾವರಣ ಕೆಟ್ಟಿತು, ರಾಜೀನಾಮೆ ಕೊಟ್ಟು ಹೊರಗೆ ಬಂದಳು.

ಆಮೇಲೆ ಅವಳಿಗೆ ಕೆಲಸವೇ ಹತ್ತಲಿಲ್ಲ. ಮಳೆಗಾಲ ಮುಗಿದು ದೀಪಾವಳಿ ಕಳೆದರೂ ಇಲ್ಲ. ಒಂದು ದಿನ ನನ್ನ ಕ್ಲಾಸಿಗೆ ಬಂದು, ಜಿಎಸ್‌ಟಿ ಕೋರ್ಸಿಗೆ ಮತ್ತೆ ಹೆಸರು ಹಚ್ಚುತ್ತೇನೆ ಎಂದಳು. ನಾನು ಕಲಿಸುವುದಕ್ಕಿಂತ ಹೆಚ್ಚು ಅವಳೇ ಬಲ್ಲಳು. ಯಾಕೆ ಎಂದರೆ, "ನನಗ ಬರೋದು ಸಾಲವಲ್ದು ಅನಸ್ತೈತ್ರಿ ಮೇಡಂ. ಇಂಟರ್‌ವ್ಯೂದಾಗ ಎಲ್ಲೋ ತಪ್ಪಾಕತ್ತೈತಿ" ಎಂದಳು. ಮೊದಲು ಕೇಳುತ್ತಿದ್ದ ಪಗಾರಕ್ಕಿಂತ ಮೂರು ಸಾವಿರ ಕಮ್ಮಿಗೂ ಒಪ್ಪಲು ತಯಾರಾಗಿದ್ದಳು. ಇಂಗ್ಲಿಷ್ ಮಾತನಾಡುವ ಕ್ಲಾಸಿಗೂ ಸೇರಿದ್ದಳು. ಮನೆಯಲ್ಲಿ ತಾಯಿ ಸಿದ್ಧಾರೂಢ ಮಠಕ್ಕೆ ಹರಕೆ ಹೊತ್ತಿದ್ದರು.

ಕಾರಣ ಆಮೇಲೆ ಗೊತ್ತಾಯಿತು, ಅದೂ ಆಕಸ್ಮಿಕವಾಗಿ. ನನ್ನ ಪರಿಚಯದ ಔಷಧಿ ಡಿಸ್ಟ್ರಿಬ್ಯೂಟರ್ ಒಬ್ಬರು ಅವಳನ್ನು ತೆಗೆದುಕೊಳ್ಳುವ ವಿಚಾರದಲ್ಲಿದ್ದರು. ಬೇರೆ ಕೆಲಸಕ್ಕೆಂದು ಹೋದ ನಾನು ಅವರ ಮೇಜಿನ ಎದುರು ಕೂತಿದ್ದೆ. ಅವರು ಆಸ್ಪತ್ರೆಯವರಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದರು. ಮೊದಲು ಕ್ಷೇಮ ಸಮಾಚಾರ, ಆಮೇಲೆ ವಿಷಯ.

"ನಿಮ್ಮ ಕಡೆ ಅಕೌಂಟ್ಸಿಗೆ ಇದ್ದ ಆ ಹುಡುಗಿ ಹೆಂಗ್ರಿ?"

"ಕೆಲಸಕ್ಕೇನ ಛಲೋ ಅದಾಳ್ರಿ..." ಸ್ವಲ್ಪ ತಡೆದು, "ಆದ್ರ ಭಾಳ ಕಾಯ್ದೆ ಮಾತಾಡ್ತಾಳ. ನೋಡ್ರಿ, ನೀವ ವಿಚಾರ ಮಾಡ್ರಿ."

ಅಷ್ಟೇ. ನನ್ನ ಮುಂದಿಟ್ಟ ಚಹಾ ಇನ್ನೂ ಬಿಸಿ ಇತ್ತು. ಡಿಸ್ಟ್ರಿಬ್ಯೂಟರು ಫೋನ್ ಇಟ್ಟು, ಅವಳ ಬಯೋಡಾಟವನ್ನು ಮಡಿಚಿ ಡ್ರಾಯರಿಗೆ ಹಾಕಿದರು. ಅವರು ಕೆಟ್ಟ ಮನುಷ್ಯರಲ್ಲ. ಅನುಮಾನ ಬಂದಮೇಲೆ ರಗಳೆ ಯಾಕೆ ಎಂದುಕೊಂಡರು. ಆ ಕಡೆ ಮಾತನಾಡಿದವರೂ ಸುಳ್ಳು ಹೇಳಲಿಲ್ಲ, ಬೈಯಲೂ ಇಲ್ಲ. ಆದರೆ ಪಿಎಫ್ ಹಣದ ವಿಷಯ ಆ ಮಾತಿನಲ್ಲಿ ಎಲ್ಲೂ ಬರಲಿಲ್ಲ. ಅದು ಬಂದಿದ್ದರೆ ಕೇಳಿದವರು ಬೇರೆ ತೀರ್ಮಾನಕ್ಕೆ ಬರುತ್ತಿದ್ದರೋ ಏನೋ. ಹುಡುಗಿ ಅಲ್ಲಿದ್ದು ಉತ್ತರ ಕೊಡುವ ಅವಕಾಶವಂತೂ ಇರಲೇ ಇಲ್ಲ.

ನಾನು ಆ ಹೊತ್ತಿಗೇ ನನಗೆ ಗೊತ್ತಿದ್ದದ್ದನ್ನು ಅವರಿಗೆ ಹೇಳಿದೆ. ಡ್ರಾಯರಿನಿಂದ ಕಾಗದ ಹೊರಗೆ ಬಂತು, ಅವಳು ಈಗ ಅಲ್ಲೇ ಕೆಲಸಕ್ಕಿದ್ದಾಳೆ. ಆದರೆ ಅದಕ್ಕೆ ಮೊದಲು ಎಷ್ಟು ಮೇಜುಗಳ ಮೇಲೆ ಇದೇ ಫೋನು ನಡೆದಿತ್ತೋ, ಅಲ್ಲೆಲ್ಲ ಎದುರಿಗೆ ಕೂತು ಹೇಳುವವರು ಯಾರಿದ್ದರು?

ಈ ಹಾನಿಯ ಸ್ವರೂಪವೇ ಹೀಗೆ, ಸದ್ದಿಲ್ಲದ್ದು. ಕೆಲಸದಿಂದ ತೆಗೆದರೆ ಪತ್ರ ಇರುತ್ತದೆ, ಜಗಳವಾದರೆ ಸಾಕ್ಷಿ ಇರುತ್ತಾರೆ, ಪಗಾರ ಕೊಡದಿದ್ದರೆ ಕಾರ್ಮಿಕ ಅಧಿಕಾರಿಗಳ ಬಾಗಿಲು ಇದೆ. ಇಲ್ಲಿ ಪೆಟ್ಟು ತಿಂದವರಿಗೆ ಪೆಟ್ಟು ಬಿದ್ದದ್ದೇ ಗೊತ್ತಿಲ್ಲ. ಹಾಗಾಗಿ ಅವರು ಸರಿಯಾಗಿಯೇ ಇರುವುದನ್ನು ರಿಪೇರಿ ಮಾಡಲು ಹೊರಡುತ್ತಾರೆ. ಬರುವ ವಿದ್ಯೆಯನ್ನೇ ಮತ್ತೆ ಕಲಿಯುತ್ತಾರೆ, ಫೀ ಕಟ್ಟುತ್ತಾರೆ, ಪಗಾರ ಇಳಿಸುತ್ತಾರೆ, ಧೈರ್ಯ ಕಳೆದುಕೊಳ್ಳುತ್ತಾರೆ. ಮುಂದಿನ ಸಂದರ್ಶನಕ್ಕೆ ಹೋಗುವಾಗ ಮುಖದಲ್ಲಿ ಮೊದಲಿನ ಕಳೆ ಇರುವುದಿಲ್ಲ. ಆಗ ನಿಜವಾಗಿಯೂ ಸಂದರ್ಶನ ಕೆಡುತ್ತದೆ.

ನಮ್ಮ ಭಾಗದಲ್ಲಿ ಇದು ಇನ್ನಷ್ಟು ತೀವ್ರ. ಬೆಂಗಳೂರಿನಲ್ಲಿ ಒಂದು ಬಾಗಿಲು ಮುಚ್ಚಿದರೆ ಬೇರೆ ಬಡಾವಣೆಗೆ ಹೋಗಬಹುದು. ಇಲ್ಲಿ ದುರ್ಗದಬೈಲಿನ ಅಂಗಡಿಯವರೂ ಕೇಶ್ವಾಪುರದ ಏಜೆನ್ಸಿಯವರೂ ಒಂದೇ ಮದುವೆಯಲ್ಲಿ ಊಟಕ್ಕೆ ಕೂರುತ್ತಾರೆ. ಗದಗದಲ್ಲಿ ಆಡಿದ ಮಾತು ಅದೇ ಸಂಜೆ ಹುಬ್ಬಳ್ಳಿಯಲ್ಲಿರುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಬ್ಬ ದಲಾಲರು ಬೇಡವೆಂದ ಗುಮಾಸ್ತನನ್ನು ಪಕ್ಕದ ಸಾಲಿನವರು ಮುಟ್ಟುವುದಿಲ್ಲ. ವಿಚಾರಣೆ ಶುರುವಾಗುವುದೂ ಅನೇಕ ಸಲ ಕೆಲಸದಿಂದಲ್ಲ, "ಯಾರ ಪೈಕಿ ಹುಡುಗ?" ಎಂಬಲ್ಲಿಂದ. ಲೆಕ್ಕ ಬರೆಯುವುದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಇದನ್ನು ಕೇಳುವುದನ್ನು ದಯವಿಟ್ಟು ಬಿಡಿ, ಕೇಳಿದವರಿಗೆ ಉತ್ತರ ಕೊಡುವುದನ್ನೂ ಬಿಡಿ.

ಹೆಣ್ಣುಮಕ್ಕಳ ಪಾಡು ಬೇರೆಯೇ. "ಕೆಲಸ ಛಲೋ, ಆದ್ರ ಸ್ವಭಾವ..." ಎಂದು ಅರ್ಧಕ್ಕೆ ನಿಲ್ಲಿಸುವ ಮಾತು ಕೆಲಸದ ಜಾಗದಲ್ಲೇ ಉಳಿಯುವುದಿಲ್ಲ. ನಮ್ಮಲ್ಲಿ ಕನ್ಯಾ ನೋಡಲು ಬರುವವರೂ ಇದೇ ಫೋನ್ ನಂಬರುಗಳಿಗೆ ಫೋನ್ ಹಚ್ಚುತ್ತಾರೆ. ಮೇಲಿನವನೊಬ್ಬ ಅಸಭ್ಯವಾಗಿ ನಡೆದುಕೊಂಡ ಎಂದು ದೂರು ಕೊಟ್ಟ ಹುಡುಗಿ, ಕೆಲಸ ಬಿಟ್ಟಮೇಲೆ ತಾನೇ ಜಗಳಗಂಟಿ ಎನಿಸಿಕೊಳ್ಳುತ್ತಾಳೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ದೂರು ಕೊಡಲು ದಾರಿ ಮಾಡಿತು. ದೂರು ಕೊಟ್ಟವಳ ಮುಂದಿನ ಕೆಲಸ ಫೋನಿನಲ್ಲಿ ತಪ್ಪಿಹೋಗುವುದನ್ನು ನೋಡಿದ ಉಳಿದ ಹುಡುಗಿಯರು ಆ ದಾರಿಯಲ್ಲಿ ಕಾಲಿಡುವುದಿಲ್ಲ.

ಇನ್ನೊಂದು ರೂಢಿಯಂತೂ ನಾಳೆಯಿಂದಲೇ ನಿಲ್ಲಬೇಕು. ಇನ್ನೂ ಕೆಲಸದಲ್ಲಿರುವವರು ಬೇರೆ ಕಡೆ ಅರ್ಜಿ ಹಾಕಿದಾಗ, ಅವರಿಗೆ ಒಂದು ಮಾತೂ ತಿಳಿಸದೆ ಈಗಿನ ಮಾಲೀಕರಿಗೇ ಫೋನ್ ಮಾಡುವುದು. ಗೋಕುಲ ರಸ್ತೆಯ ಒಂದು ಮಷಿನ್ ಶಾಪಿನಲ್ಲಿ ಸಿಎನ್‌ಸಿ ಲೇತ್ ನಡೆಸುತ್ತಿದ್ದ ಡಿಪ್ಲೊಮಾ ಹುಡುಗನಿಗೆ ಹೀಗಾಯಿತು. ಅಪ್ಪನಿಗೆ ಡಯಾಲಿಸಿಸ್ ನಡೆದಿತ್ತು, ರಾತ್ರಿ ಪಾಳಿ ಇಲ್ಲದ ಕಡೆ ಹೋಗಬೇಕೆಂದು ಧಾರವಾಡ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಡೆ ಕೇಳಿ ಬಂದಿದ್ದ. ಮಾರನೆಯ ದಿನ ಪಾಳಿಗೆ ಹೋದರೆ, ಎಲ್ಲರ ಮುಂದೆ, "ಬ್ಯಾರೆ ಕಡೆ ಹೊಂಟೀಯಂತಲ್ಲೋ, ಹೋಗು" ಎಂದರು. ಹೊಸ ಕಡೆಯವರು, "ನಿಮ್ಮ ಸಾವ್ಕಾರ್ರ ಮನಸಿಗೆ ಬ್ಯಾಸರಾಗೇತಿ, ನಾವ್ಯಾಕ ನಡುವ ಬರೂನು" ಎಂದರು. ಎರಡೂ ಹೋಯಿತು. ಒಂದು ಫೋನ್ ಕರೆ ಮಾಡುವ ಮೊದಲು "ಈಗಿರುವ ಕಡೆ ವಿಚಾರಿಸಬಹುದಾ?" ಎಂದು ಅವನನ್ನೇ ಕೇಳಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ.

ಉತ್ತರವೇ ಕೊಡದಿರುವುದರಿಂದಲೂ ಕೆಡುಕಾಗುತ್ತದೆ, ಇದು ಬಹಳ ಮಾಲೀಕರಿಗೆ ಗೊತ್ತಿಲ್ಲ. ನಮ್ಮ ಹುಡುಗರು ಬೆಂಗಳೂರು, ಪುಣೆಯ ದೊಡ್ಡ ಕಂಪನಿಗಳಿಗೆ ಆಯ್ಕೆಯಾದಾಗ, ಆ ಕಂಪನಿಗಳು ಹಿನ್ನೆಲೆ ಪರಿಶೀಲನೆಯ ಕೆಲಸವನ್ನು ಬೇರೆ ಏಜೆನ್ಸಿಗಳಿಗೆ ಒಪ್ಪಿಸಿರುತ್ತವೆ. ಏಜೆನ್ಸಿಯವರು ನಿಮ್ಮ ಆಫೀಸಿಗೆ ಇ-ಮೇಲ್ ಕಳಿಸುತ್ತಾರೆ, ಫೋನ್ ಮಾಡುತ್ತಾರೆ. ಇ-ಮೇಲ್ ಯಾರೂ ತೆರೆಯುವುದಿಲ್ಲ. ಫೋನ್ ಎತ್ತಿದ ಹೊಸ ಹುಡುಗ "ಗೊತ್ತಿಲ್ರೀ, ಆ ಹೆಸರಿನವರು ಯಾರೂ ಇಲ್ಲ" ಎನ್ನುತ್ತಾನೆ. ಅವನ ಮಟ್ಟಿಗೆ ಅದು ನಿಜ. ವರದಿಯಲ್ಲಿ ಮಾತ್ರ "ಪರಿಶೀಲನೆ ಸಾಧ್ಯವಾಗಲಿಲ್ಲ" ಎಂದು ಬರುತ್ತದೆ, ಮತ್ತು ಅದನ್ನು ಓದುವವರು ಹುಡುಗ ಸುಳ್ಳು ಅನುಭವ ತೋರಿಸಿದ್ದಾನೆ ಎಂದುಕೊಳ್ಳುತ್ತಾರೆ. ಅದೇ ರೀತಿ ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ತಪ್ಪು ಹಾಕಿದರೂ, ಹಾಕದೇ ಬಿಟ್ಟರೂ ತೊಂದರೆ. ಪಿಎಫ್ ಸದಸ್ಯರಿಗೆ ಕೊಡುವ ಯುಎಎನ್ ಸಂಖ್ಯೆ ಕೆಲಸ ಬದಲಾದರೂ ಒಂದೇ ಆಗಿರುವುದರಿಂದ ಹಿಂದಿನ ಸೇವೆಯ ವಿವರ ಪರಿಶೀಲನೆಯಲ್ಲಿ ಹೊರಗೆ ಬರುತ್ತದೆ. ಬಯೋಡಾಟದಲ್ಲಿ ಒಂದು ತಾರೀಖು, ಪಿಎಫ್‌ನಲ್ಲಿ ಇನ್ನೊಂದು ತಾರೀಖು ಇದ್ದರೆ ಉತ್ತರ ಕೊಡಬೇಕಾದವನು ಹುಡುಗನೇ. 2020ರ ಜನವರಿಯಿಂದ ನೌಕರರೇ ಸದಸ್ಯರ ಪೋರ್ಟಲ್‌ನಲ್ಲಿ, ಬಿಟ್ಟು ಎರಡು ತಿಂಗಳಾದ ಮೇಲೆ, ಆ ದಿನಾಂಕ ದಾಖಲಿಸಲು ಅವಕಾಶವಿದೆ. ಕೆಲಸ ಬಿಟ್ಟವರು ಇದನ್ನು ನೋಡಿಕೊಳ್ಳಬೇಕು.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಇದನ್ನೆಲ್ಲ ಹೇಳಿದಾಗ ಮಾಲೀಕರು ನನಗೆ ಕೇಳುವ ಪ್ರಶ್ನೆ ನ್ಯಾಯವಾದದ್ದು. "ಹಂಗಾರ ಕಳವು ಮಾಡಿದಾವನ್ನೂ ಛಲೋ ಅದಾನ ಅಂತ ಹೇಳಬೇಕೇನ್ರಿ? ನಾಳೆ ಅವ ಅವರ ಗಲ್ಲೆಕ್ಕ ಕೈ ಹಾಕಿದ್ರ ಅವರು ನನಗ ಏನಂತಾರ?" ಖಂಡಿತ ಹೇಳಬೇಡಿ. ಸುಳ್ಳು ಹೊಗಳಿಕೆಯೂ ಮೋಸವೇ, ಅದರಿಂದ ಇನ್ನೊಬ್ಬ ಮಾಲೀಕ ಮುಳುಗುತ್ತಾನೆ, ಪ್ರಾಮಾಣಿಕವಾಗಿ ದುಡಿಯುವ ಉಳಿದ ಮಕ್ಕಳ ಪತ್ರಕ್ಕೂ ಬೆಲೆ ಉಳಿಯುವುದಿಲ್ಲ. ನಿಜವಾಗಿ ಕಳವಾಗಿದ್ದರೆ ಅದಕ್ಕೊಂದು ದಿನಾಂಕ ಇರುತ್ತದೆ, ಮೊತ್ತ ಇರುತ್ತದೆ, ನೀವು ನೋಟಿಸ್ ಕೊಟ್ಟಿರುತ್ತೀರಿ, ಅವನ ಉತ್ತರ ಇರುತ್ತದೆ. ಅದನ್ನು ಹಾಗೆಯೇ ಬರೆಯಿರಿ. "ಇಂಥ ತಾರೀಖಿಗೆ ನಗದಿನಲ್ಲಿ ಇಷ್ಟು ಕಡಿಮೆ ಬಂತು, ವಿಚಾರಿಸಿದಾಗ ಇವರು ಒಪ್ಪಿಕೊಂಡರು" ಎಂದು ಬರೆದುಕೊಡುವ ಮಾಲೀಕರ ಮೇಲೆ ನನಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು "ಯಾಕೋ ನಂಬಿಕಿ ಬರಲಿಲ್ರಿ" ಎಂಬ ಮಾತಿನ ಮೇಲೆ. ಅದಕ್ಕೆ ದಿನಾಂಕವಿಲ್ಲ, ಆಧಾರವಿಲ್ಲ. ಕೇಳಿದವರ ಮನಸ್ಸಿನಲ್ಲಿ ಅದು ಕಳವಿಗಿಂತಲೂ ದೊಡ್ಡದಾಗಿ ಬೆಳೆಯುತ್ತದೆ.

ಕಾಯ್ದೆ ನಿಮಗೆ ಈ ವಿಷಯದಲ್ಲಿ ರಕ್ಷಣೆ ಕೊಟ್ಟಿದೆ, ಅದನ್ನೂ ತಿಳಿಸಬೇಕು. 1860ರ ಭಾರತೀಯ ದಂಡ ಸಂಹಿತೆಯ 499ನೇ ಕಲಮು ಮಾನಹಾನಿಯ ಬಗ್ಗೆ ಇತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಬಂದಿದೆ. ಬಾಯಿಂದ ಆಡಿದ ಮಾತೂ ಮಾನಹಾನಿಯಾಗುತ್ತದೆ, ಎರಡು ವರ್ಷಗಳವರೆಗೆ ಸಾದಾ ಸಜೆ ಆಗಬಹುದು. ಜೊತೆಗೆ ಅದರಲ್ಲೇ ಒಂದು ವಿನಾಯಿತಿಯೂ ಇದೆ: ತನ್ನ ಅಥವಾ ಬೇರೊಬ್ಬರ ಹಿತ ಕಾಯಲು ಸದ್ಭಾವನೆಯಿಂದ ಆಡಿದ ಮಾತು ಅಪರಾಧವಲ್ಲ. ಕಾಯ್ದೆಯೇ ಕೊಡುವ ಉದಾಹರಣೆ ಒಬ್ಬ ಅಂಗಡಿಕಾರನದ್ದು, ಇಂಥವನ ಪ್ರಾಮಾಣಿಕತೆಯ ಮೇಲೆ ನನಗೆ ಭರವಸೆಯಿಲ್ಲ, ರೊಕ್ಕ ಕೊಡದೆ ಅವನಿಗೆ ಏನೂ ಮಾರಬೇಡ ಎಂದು ತನ್ನ ವ್ಯವಹಾರ ನೋಡಿಕೊಳ್ಳುವವನಿಗೆ ಹೇಳುವವನು. ಅಂದರೆ ಆಧಾರ ಇಟ್ಟುಕೊಂಡು ಸದ್ಭಾವನೆಯಿಂದ ಸತ್ಯ ಹೇಳುವವರು ಹೆದರಬೇಕಿಲ್ಲ. ಸಿಟ್ಟಿಗೆ, ಸೇಡಿಗೆ ಆಡಿದ ಮಾತಿಗೆ ಆ ರಕ್ಷಣೆ ಸಿಗುವುದಿಲ್ಲ.

ಕಾಗದದಲ್ಲಿ ಹೀಗಿದ್ದರೂ, ನೊಂದವರಿಗೆ ಈ ಕಲಮಿನಿಂದ ಕೈಗೆ ಸಿಗುವುದು ಕಡಿಮೆ. ಫೋನಿನಲ್ಲಿ ಹೀಗೆ ಹೇಳಿದರು ಎಂದು ಸಾಕ್ಷಿ ಹೇಳಬೇಕಾದವರು ಆ ಮಾತು ಕೇಳಿದ ಮಾಲೀಕರು. ತಾವು ಕೆಲಸಕ್ಕೇ ತೆಗೆದುಕೊಳ್ಳದ ಹುಡುಗನ ಸಲುವಾಗಿ ಯಾವ ವ್ಯಾಪಾರಿ ತನ್ನ ಪೇಟೆಯ ಇನ್ನೊಬ್ಬ ವ್ಯಾಪಾರಿಯ ವಿರುದ್ಧ ಕೋರ್ಟಿನ ಕಟ್ಟೆ ಹತ್ತುತ್ತಾನೆ? ವೈಯಕ್ತಿಕ ದತ್ತಾಂಶದ 2023ರ ಕಾಯ್ದೆಯೂ ಡಿಜಿಟಲ್ ರೂಪದ ಮಾಹಿತಿಗೆ ಅನ್ವಯಿಸುತ್ತದೆ, ಬಾಯಿ ಮಾತಿಗಲ್ಲ. ಆದ್ದರಿಂದಲೇ ನಾನು ಕೋರ್ಟಿನ ದಾರಿಗಿಂತ ನಿಮ್ಮ ಒಪ್ಪಿಗೆಯ ದಾರಿಯನ್ನು ಹಿಡಿದಿದ್ದೇನೆ.

ಬೇರೆ ದೇಶದವರು ಇದನ್ನು ಬಹಳ ಹಿಂದೆಯೇ ಯೋಚಿಸಿದ್ದಾರೆ. ಇಂಗ್ಲೆಂಡಿನಲ್ಲಿ ವಿಮೆ ಮಾರುತ್ತಿದ್ದ ಸ್ಪ್ರಿಂಗ್ ಎಂಬುವರು ಕೆಲಸ ಹೋದಮೇಲೆ ಬೇರೆ ಕಂಪನಿಗೆ ಅರ್ಜಿ ಹಾಕಿದರು. ಹಳೆಯ ಕಂಪನಿ, ಗಾರ್ಡಿಯನ್ ಅಶೂರೆನ್ಸ್, ಅವರ ಪ್ರಾಮಾಣಿಕತೆಯನ್ನೇ ಹಳಿದು ಪತ್ರ ಬರೆಯಿತು. ಅವರಿಗೆ ಕೆಲಸ ಸಿಗಲಿಲ್ಲ. 1994ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್, ಮಾಜಿ ನೌಕರನ ಬಗ್ಗೆ ಬರೆದುಕೊಡುವ ಮಾಲೀಕನು ಸಾಕಷ್ಟು ಎಚ್ಚರ ವಹಿಸಿ ಬರೆಯಬೇಕು, ಅಜಾಗರೂಕತೆಯಿಂದ ಹಾನಿಯಾದರೆ ಹೊಣೆ ಅವನದೇ ಎಂದು ತೀರ್ಪು ಕೊಟ್ಟಿತು. ಜರ್ಮನಿಯಲ್ಲಿ ಕೆಲಸ ಬಿಡುವವರು ಲಿಖಿತ ಪ್ರಮಾಣಪತ್ರವನ್ನು ಹಕ್ಕಿನಿಂದ ಕೇಳಬಹುದು. ಮೇಲೆ ಒಂದು ಅರ್ಥ, ಒಳಗೆ ಇನ್ನೊಂದು ಅರ್ಥ ಬರುವ ಮಾತು ಅದರಲ್ಲಿ ಇರಕೂಡದು ಎಂದು ಅಲ್ಲಿನ ಕಾಯ್ದೆ ಹೇಳುತ್ತದೆ. ನಾವು ಫೋನಿನಲ್ಲಿ ಆಡುವ "ಛಲೋ ಅದಾನ, ಆದ್ರ..." ಎಂಬ ಮಾತು ಅಲ್ಲಿ ಕಾಗದದ ಮೇಲೆ ಬರುವ ಹಾಗೇ ಇಲ್ಲ.

ನಮ್ಮಲ್ಲೂ ಬುನಾದಿ ಇಲ್ಲದಿಲ್ಲ. 1946ರ ಸ್ಥಾಯಿ ಆದೇಶಗಳ (ಕೈಗಾರಿಕೆಗಳ ಲಿಖಿತ ಸೇವಾ ನಿಯಮಗಳ) ಕಾಯ್ದೆಯ ಕೆಳಗಿನ ಮಾದರಿ ಆದೇಶಗಳಲ್ಲಿ ಕಾಯಂ ಕಾರ್ಮಿಕರು ಸೇವೆ ಮುಗಿಸಿ ಹೋಗುವಾಗ ಸೇವಾ ಪ್ರಮಾಣಪತ್ರ ಪಡೆಯುವ ಹಕ್ಕು ಇತ್ತು. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಅವುಗಳಲ್ಲಿ ಸ್ಥಾಯಿ ಆದೇಶಗಳು 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆಗೆ ಅನ್ವಯಿಸುತ್ತವೆ. ಗೋಕುಲ ರಸ್ತೆ, ತಾರಿಹಾಳ, ರಾಯಾಪುರದಲ್ಲಿ ಹತ್ತೋ ಇಪ್ಪತ್ತೋ ಜನ ಇಟ್ಟುಕೊಂಡ ಶೆಡ್ಡುಗಳು, ಪೇಟೆಯ ಅಂಗಡಿಗಳು, ಇವೆಲ್ಲ ಆ ಬೇಲಿಯ ಹೊರಗೇ ಉಳಿದವು. ನಮ್ಮ ಮಕ್ಕಳಲ್ಲಿ ಬಹಳ ಜನ ಮೊದಲ ಕೆಲಸ ಕಲಿಯುವುದು ಅಲ್ಲಿಯೇ.

ಹೇಳದೆ ಕೇಳದೆ ಬಿಟ್ಟು ಹೋಗುತ್ತಾರೆ ಎಂಬುದು ನಿಮ್ಮ ದೊಡ್ಡ ದೂರು. ಅದು ನಿಜ, ನಾನೂ ನನ್ನ ವಿದ್ಯಾರ್ಥಿಗಳಿಗೆ ಬೈದಿದ್ದೇನೆ. ಮಾರ್ಚ್ ತಿಂಗಳ ನಡುವೆ ಅಕೌಂಟೆಂಟ್ ಫೋನ್ ಸ್ವಿಚ್ ಆಫ್ ಮಾಡಿ ಕೂತರೆ ಮಾಲೀಕರ ಗತಿ ಏನಾಗುತ್ತದೆ ಎಂಬುದು ನನಗೆ ಗೊತ್ತು. ಆದರೆ ಯಾಕೆ ಹೇಳದೆ ಹೋಗುತ್ತಾರೆ ಎಂದು ಕೇಳಿ ನೋಡಿ. ಮುಂಚೆ ಹೇಳಿದರೆ ಆ ತಿಂಗಳ ಪಗಾರ ತಡೆಹಿಡಿಯುತ್ತಾರೆ ಎಂಬ ಅಂಜಿಕೆ. ಕೆಲವು ಶಾಲೆ, ಆಸ್ಪತ್ರೆಗಳಲ್ಲಿ ಸೇರುವಾಗಲೇ ಮೂಲ ಅಂಕಪಟ್ಟಿ ಇಸಿದುಕೊಂಡು ಬೀಗ ಹಾಕಿ ಇಡುತ್ತಾರೆ. ಬಿಡುತ್ತೇನೆ ಎಂದರೆ ಅದು ಕೈಗೆ ಬರುವುದಿಲ್ಲ. ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರಿಗೂ ತೆಗೆದುಹಾಕಿದವರಿಗೂ ಬರಬೇಕಾದ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಇದನ್ನು ಪಾಲಿಸಿ ನೋಡಿ. ಲೆಕ್ಕ ಚುಕ್ತಾ ಮಾಡಿ ಪತ್ರ ಕೊಡುವ ಮಾಲೀಕರು ಎಂಬ ಹೆಸರು ಬಂದರೆ, ಹೋಗುವವರು ಒಂದು ತಿಂಗಳು ಮುಂಚೆ ಹೇಳಿ, ಬಂದವರಿಗೆ ಕೆಲಸ ಕಲಿಸಿಕೊಟ್ಟು ಹೋಗುತ್ತಾರೆ. ನಮ್ಮ ಪೇಟೆಯಲ್ಲಿ ಹಾಗೆ ನಡೆಸುವ ಮಾಲೀಕರು ಇದ್ದಾರೆ, ಅವರ ಹತ್ತಿರ ಜನಕ್ಕೆ ಕೊರತೆಯಾದದ್ದನ್ನು ನಾನು ಕಂಡಿಲ್ಲ.

ತೆಗೆದುಹಾಕುವ ವಿಷಯದಲ್ಲಿ ಒಂದು ಮಾತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ 39ನೇ ಕಲಮಿನಂತೆ, ಆರು ತಿಂಗಳು ಸತತ ದುಡಿದ ನೌಕರರನ್ನು ತಕ್ಕ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿನ ಪಗಾರ ಕೊಡದೆ ತೆಗೆಯುವ ಹಾಗಿಲ್ಲ. ಕಾರಣವನ್ನು ಆಗಲೇ ಬರೆದು ಕೊಟ್ಟಿದ್ದರೆ, ಆಮೇಲೆ ಫೋನಿನಲ್ಲಿ ಹೊಸ ಕಾರಣ ಹುಟ್ಟುವುದಿಲ್ಲ.

ಕೆಲಸ ಹುಡುಕುತ್ತಿರುವ ಮಕ್ಕಳೂ ಇದನ್ನು ಓದಬಹುದು, ಅವರಿಗಾಗಿ ಇಷ್ಟು. ಸಂದರ್ಶನಗಳು ಛಲೋ ಆಗಿ, ಹಳೆಯ ಮಾಲೀಕರ ನಂಬರ್ ಕೊಟ್ಟ ಮೇಲೆಯೇ ಮೇಲಿಂದ ಮೇಲೆ ಮಾತು ನಿಲ್ಲುತ್ತಿದ್ದರೆ, ಮೊದಲು ನಿಮ್ಮ ವಿದ್ಯೆಯನ್ನು ಅನುಮಾನಿಸಬೇಡಿ. ಹಳೆಯ ಮಾಲೀಕರ ಹತ್ತಿರ ಹೋಗಿ, ಸಮಾಧಾನದಿಂದ, "ಯಾರಾದ್ರೂ ಕೇಳಿದ್ರ ಏನ ಹೇಳ್ತೀರಿ ಸರ್?" ಎಂದು ಕೇಳಿ. ಎದುರಿಗೆ ಕೇಳಿದಾಗ ಎಷ್ಟೋ ಜನ ಮೆತ್ತಗಾಗುತ್ತಾರೆ, ಪತ್ರವನ್ನೂ ಕೊಡುತ್ತಾರೆ. ಅಲ್ಲಿ ಸರಿಹೋಗದಿದ್ದರೆ ನಿಮ್ಮ ಕೆಲಸವನ್ನು ಕಣ್ಣಾರೆ ಕಂಡ ಬೇರೆಯವರ ಹೆಸರು ಕೊಡಿ: ಪಾಳಿಯ ಸೂಪರ್‌ವೈಸರ್, ವರ್ಷಕ್ಕೊಮ್ಮೆ ನಿಮ್ಮ ಪುಸ್ತಕ ನೋಡಿದ ಸಿಎ ಕಚೇರಿಯವರು, ನಿತ್ಯ ವ್ಯವಹಾರ ಮಾಡಿದ ಸಪ್ಲೈಯರು. ಅವರನ್ನು ಮೊದಲು ಕೇಳಿ ಒಪ್ಪಿಸಿ ಆಮೇಲೆ ಹೆಸರು ಕೊಡಿ. ಹಳೆಯ ಕಡೆ ಮನಸ್ತಾಪವಾಗಿದ್ದರೆ ಅದನ್ನು ಹೊಸ ಮಾಲೀಕರಿಗೆ ನೀವೇ, ಬೈಯದೆ, ಎರಡು ಮಾತಿನಲ್ಲಿ ಮೊದಲೇ ತಿಳಿಸಿಬಿಡಿ. ನಿಮ್ಮ ಬಾಯಿಂದ ಮೊದಲು ಕೇಳಿದ ಮಾಲೀಕರು ಫೋನಿನ ಮಾತನ್ನು ಬೇರೆ ಕಿವಿಯಿಂದ ಕೇಳುತ್ತಾರೆ.

ವಾಣಿಜ್ಯೋದ್ಯಮ ಸಂಸ್ಥೆಯ ಹಿರಿಯರಲ್ಲಿ ನನ್ನ ವಿನಂತಿ. ನಿಮ್ಮ ಮಾತಿಗೆ ಈ ಪೇಟೆಯಲ್ಲಿ ತೂಕವಿದೆ. ಕನ್ನಡದಲ್ಲಿ ಒಂದು ಪುಟದ ಸೇವಾ ಪತ್ರದ ನಮೂನೆಯನ್ನು ನೀವು ಸಿದ್ಧಪಡಿಸಿ ಸದಸ್ಯರಿಗೆಲ್ಲ ಕಳಿಸಬೇಕು. ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಮಾಡುತ್ತಿದ್ದ ಕೆಲಸ, ಬಿಡಲು ಕಾರಣ, ಬರೆದು ವಿಚಾರಣೆ ಮಾಡಿದ ಆರೋಪವೇನಾದರೂ ಇದ್ದರೆ ಅದರ ದಿನಾಂಕ ಮತ್ತು ನೌಕರರ ಉತ್ತರ, ಕೆಳಗೆ ಮಾಲೀಕರ ಸಹಿ, ಪ್ರತಿ ಮುಟ್ಟಿದ್ದಕ್ಕೆ ನೌಕರರ ಸಹಿ. ಇದಕ್ಕಿಂತ ಹೆಚ್ಚು ಬೇಡ. ವಿಚಾರಿಸಲು ಫೋನ್ ಬಂದರೆ ಯಾರು ಉತ್ತರಿಸಬೇಕು ಎಂಬುದನ್ನೂ ಪ್ರತಿ ಸಂಸ್ಥೆ ಗೊತ್ತುಮಾಡಿ ಇಡಲಿ. ಪತ್ರದಲ್ಲಿ ಇರುವುದನ್ನಷ್ಟೇ ಅವರು ಓದಿ ಹೇಳಲಿ. ಕೆಲಸಕ್ಕೆ ತೆಗೆದುಕೊಳ್ಳುವವರು, ಅಭ್ಯರ್ಥಿಯ ಒಪ್ಪಿಗೆ ಕೇಳದೆ ಅವರ ಈಗಿನ ಮಾಲೀಕರಿಗೆ ಫೋನ್ ಮಾಡುವುದಿಲ್ಲ ಎಂದು, ಹಾಗೂ ಹಳೆಯ ಕಡೆಯಿಂದ ಕೆಟ್ಟ ಮಾತು ಬಂದರೆ ತೀರ್ಮಾನಕ್ಕೆ ಮೊದಲು ಅಭ್ಯರ್ಥಿಯನ್ನು ಕರೆದು ಒಂದು ಸಲ ಕೇಳುತ್ತೇವೆ ಎಂದು ಒಪ್ಪಿಕೊಳ್ಳಲಿ.

ಕಾರ್ಮಿಕ ಇಲಾಖೆಯ ಅಧಿಕಾರಿಗಳು ಸಂಸ್ಥೆಗಳಿಗೆ ಭೇಟಿ ಕೊಟ್ಟಾಗ ಹಾಜರಿ ಪುಸ್ತಕ, ಪಗಾರ ಪುಸ್ತಕ ನೋಡುವ ಜೊತೆಗೆ, ಹಿಂದಿನ ವರ್ಷ ಬಿಟ್ಟು ಹೋದವರಿಗೆ ಪತ್ರ ಕೊಟ್ಟಿದ್ದೀರಾ, ಯಾರದಾದರೂ ಮೂಲ ಅಂಕಪಟ್ಟಿ ಇಟ್ಟುಕೊಂಡಿದ್ದೀರಾ ಎಂದು ಕೇಳಬೇಕು. ಕೇಳುತ್ತಾರೆ ಎಂದು ಗೊತ್ತಾದರೆ ಅರ್ಧ ಕಪಾಟುಗಳು ತಾವಾಗಿಯೇ ತೆರೆಯುತ್ತವೆ.

ಮೇಲೆ ಹೇಳಿದ ನಮೂನೆಯ ಒಂದು ಕರಡನ್ನು ನಾನು ಟೈಪ್ ಮಾಡಿ ಇಟ್ಟಿದ್ದೇನೆ. ಬೇಕಾದವರು ವಿದ್ಯಾನಗರದ ನನ್ನ ಕ್ಲಾಸಿಗೆ ಬಂದು ಒಯ್ಯಬಹುದು, ತಿದ್ದುಪಡಿ ಸೂಚಿಸಬಹುದು. ಬರುವ ಮಾರ್ಚ್ ಲೆಕ್ಕ ಮುಗಿದಮೇಲೆ ನಿಮ್ಮಲ್ಲಿ ಕೆಲಸ ಬಿಡುವವರು ಇದ್ದೇ ಇರುತ್ತಾರೆ. ಅವರಿಂದಲೇ ಶುರುಮಾಡಿ.

ಇಂತಿ ನಿಮ್ಮ ವಿಶ್ವಾಸಿ,
ಲೆಕ್ಕಪತ್ರ ಕಲಿಸುವ ಒಬ್ಬ ಶಿಕ್ಷಕಿ
ವಿದ್ಯಾನಗರ, ಹುಬ್ಬಳ್ಳಿ